ಸೊಂಟದಲ್ಲಿರಲಿ, ಬೆನ್ನಚೀಲದಲ್ಲಲ್ಲ

1805ರ ಜೂನ್ 14. ಮಿಸೌರಿ ನದಿಯ ಜಲಪಾತಗಳ ಹತ್ತಿರ, ಇಂದಿನ ಮೊಂಟಾನಾ ರಾಜ್ಯದ ಬಯಲಿನಲ್ಲಿ ಮೆರಿವೆದರ್ ಲೂಯಿಸ್ ಒಬ್ಬನೇ ನಡೆಯುತ್ತಿದ್ದ. ಪೆಸಿಫಿಕ್ ಸಾಗರದವರೆಗೆ ದಾರಿ ಹುಡುಕಲು ಅಮೆರಿಕದ ಅಧ್ಯಕ್ಷ ಜೆಫರ್ಸನ್ ಕಳಿಸಿದ್ದ ತಂಡದ ಇಬ್ಬರು ಮುಂದಾಳುಗಳಲ್ಲಿ ಅವನೊಬ್ಬ. ಊಟಕ್ಕೆಂದು ಒಂದು ಬೈಸನ್‌ಗೆ ಗುಂಡು ಹೊಡೆದ. ಅದು ಬೀಳುವುದನ್ನೇ ನೋಡುತ್ತ ನಿಂತವನಿಗೆ ಕೋವಿಗೆ ಮತ್ತೆ ಮದ್ದುಗುಂಡು ತುಂಬಬೇಕೆಂಬುದು ಮರೆತೇ ಹೋಯಿತು. ಅಷ್ಟರಲ್ಲಿ ಇಪ್ಪತ್ತು ಹೆಜ್ಜೆ ದೂರಕ್ಕೆ ಗ್ರಿಜ್ಲಿ ಕರಡಿ ಬಂದಾಗಿತ್ತು. ಕೋವಿ ಎತ್ತಿದ ಮೇಲೆಯೇ ಅದು ಬರಿದಾಗಿದೆ ಎಂದು ಹೊಳೆದದ್ದು. ಹತ್ತೋಣವೆಂದರೆ ಹತ್ತಿರದಲ್ಲಿ ಮರವಿಲ್ಲ. ಓಡಿ ನದಿಗಿಳಿದು, ಸೊಂಟಮಟ್ಟದ ನೀರಿನಲ್ಲಿ ತಿರುಗಿ ನಿಂತು, ಕೈಯಲ್ಲಿದ್ದ ಈಟಿಯನ್ನು ಚಾಚಿದ. ಕರಡಿಗೆ ಏನನ್ನಿಸಿತೋ, ಬಂದ ದಾರಿಯಲ್ಲೇ ಓಡಿಹೋಯಿತು. ಇನ್ನು ಮುಂದೆ ಕೋವಿಯನ್ನು ಬರಿದಾಗಿ ಇಟ್ಟುಕೊಳ್ಳುವುದಿಲ್ಲ ಎಂದು ಲೂಯಿಸ್ ತನ್ನ ದಿನಚರಿಯಲ್ಲಿ ಬರೆದುಕೊಂಡ.

ಆಗಿನ ಕೋವಿಗೆ ಒಂದು ಸಲ ಗುಂಡು ತುಂಬಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಇಂದಿನ ಪಿಸ್ತೂಲು ಹದಿನೈದು ಗುಂಡು ಹಾರಿಸುತ್ತದೆ. ಆದರೂ ಅದೇ ಮೊಂಟಾನಾ, ಪಕ್ಕದ ವಯೋಮಿಂಗ್, ಐಡಾಹೊ, ದೂರದ ಅಲಾಸ್ಕಾಗಳ ಬೇಟೆಗಾರರು ಇನ್ನೂ ಇದೇ ವಿಷಯವನ್ನು ಚರ್ಚಿಸುತ್ತಿದ್ದಾರೆ. ಎಲ್ಕ್ ಎಂಬ ದೊಡ್ಡ ಜಿಂಕೆಗೋ ಮೂಸ್‌ಗೋ ಕೋವಿ ಹಿಡಿದು ಹೊರಟವನು ಕರಡಿಗೆಂದು ಬೇರೆಯೇ ರಕ್ಷಣೆ ಒಯ್ಯಬೇಕೆ? ಒಯ್ಯುವುದಾದರೆ ಪಿಸ್ತೂಲೋ, ಖಾರದ ಸ್ಪ್ರೇಯೋ? ರಸ್ತೆ, ಮನೆ, ಮೊಬೈಲ್ ಸಿಗ್ನಲ್ ಯಾವುದೂ ಇಲ್ಲದ ಕಾಡಿನಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಕಂಡುಕೊಂಡವನಿಗೆ ತಿದ್ದಿಕೊಳ್ಳಲು ಎರಡನೇ ಅವಕಾಶ ಸಿಗುವುದು ಅಪರೂಪ.

ಕನ್ನಡದ ಓದುಗರಿಗೆ ಬೇಟೆಗಾರ ಹೆಚ್ಚಾಗಿ ಪರಿಚಯವಾಗಿರುವುದು ಕೆನ್ನೆತ್ ಆಂಡರ್ಸನ್‌ನ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಮೂಲಕ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಬೇಟೆ ಎಂದರೆ ಅಪರಾಧ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪರವಾನಗಿ ಪಡೆದು, ಋತು ನೋಡಿ, ಲೆಕ್ಕ ಹಾಕಿ ಕೊಟ್ಟಷ್ಟನ್ನೇ ಹೊಡೆಯುವ ಬೇಟೆ ಕಾನೂನುಬದ್ಧ. ಎಷ್ಟೋ ಮನೆಗಳಲ್ಲಿ ಚಳಿಗಾಲದ ಮಾಂಸ ಬರುವುದೇ ಅದರಿಂದ. ಬೇಟೆ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಇಲ್ಲಿ ಅದನ್ನು ಎತ್ತುವುದಿಲ್ಲ. ಕಾಡಿಗೆ ಹೋಗುವುದು ಖಚಿತವಾಗಿರುವ ಮನುಷ್ಯ ಮತ್ತು ಅಲ್ಲೇ ಮನೆ ಮಾಡಿಕೊಂಡಿರುವ ಕರಡಿ, ಇಬ್ಬರೂ ಸಂಜೆಯ ಹೊತ್ತಿಗೆ ಜೀವಂತವಾಗಿರುವುದು ಹೇಗೆ ಎಂಬುದಷ್ಟೇ ಈ ಬರಹದ ಕಾಳಜಿ.

ಮಾಡಬಾರದ್ದನ್ನೆಲ್ಲ ಮಾಡುವವನು

ಕರಡಿಯಿರುವ ಕಾಡಿಗೆ ಚಾರಣಕ್ಕೆ ಹೋಗುವವರಿಗೆ ಅರಣ್ಯ ಸಿಬ್ಬಂದಿ ಹೇಳಿಕೊಡುವ ಪಾಠ ಸರಳವಾಗಿದೆ. ಮಾತಾಡುತ್ತ, ಚಪ್ಪಾಳೆ ತಟ್ಟುತ್ತ ನಡೆಯಿರಿ. ಗುಂಪಾಗಿ ಹೋಗಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಓಡಾಡಬೇಡಿ. ಸತ್ತ ಪ್ರಾಣಿಯ ವಾಸನೆ ಬಂದರೆ ಅತ್ತ ಸುಳಿಯಬೇಡಿ.

ಬೇಟೆಗಾರನ ಕಸುಬಿನಲ್ಲಿ ಇದೆಲ್ಲ ತಲೆಕೆಳಗು. ಅವನು ನಸುಕಿಗೆ ಮುಂಚೆಯೇ ಹೊರಡುತ್ತಾನೆ. ಎಲೆ ತುಳಿದ ಸದ್ದೂ ಕೇಳದಂತೆ ಹೆಜ್ಜೆಯಿಡುತ್ತಾನೆ. ತನ್ನ ವಾಸನೆ ಪ್ರಾಣಿಗೆ ಹತ್ತದಂತೆ ಗಾಳಿಗೆ ಎದುರಾಗಿ ನಡೆಯುತ್ತಾನೆ. ಆಗ ಮುಂದಿರುವ ಕರಡಿಗೂ ಅವನ ಸುಳಿವು ಸಿಗುವುದಿಲ್ಲ. ಬಿಲ್ಲುಬೇಟೆಯವರು ಮೈಗೆ ಎಲೆಬಣ್ಣದ ಬಟ್ಟೆ ತೊಟ್ಟು ಹೆಣ್ಣು ಎಲ್ಕ್‌ನ ಕೂಗನ್ನು ಅನುಕರಿಸುತ್ತ ಕೂರುತ್ತಾರೆ. ಆ ಕೂಗಿಗೆ ಗಂಡು ಎಲ್ಕ್ ಮಾತ್ರ ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ಎಲ್ಕ್ ಮಾಂಸದ ರುಚಿ ಕಂಡ ಕರಡಿಗೆ ಅದು ಊಟದ ಕರೆ. ಬಿಲ್ಲುಬೇಟೆಯ ಋತು ಸೆಪ್ಟೆಂಬರಿನಲ್ಲಿ ಶುರು; ಆಗ ಕೈಯಲ್ಲಿ ಕೋವಿಯೂ ಇರುವುದಿಲ್ಲ.

ಬೇಟೆ ಬಿದ್ದ ಮೇಲೆ ಅಪಾಯ ಇನ್ನೂ ಹೆಚ್ಚು. ಇನ್ನೂರು ಮುನ್ನೂರು ಕಿಲೋ ತೂಗುವ ಎಲ್ಕ್‌ನ ಹೊಟ್ಟೆ ಬಗೆದು, ಕರುಳು ಹೊರಗೆ ಹಾಕಿ, ತುಂಡು ಮಾಡಿ ಹೊರಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಅವನು ಮೊಣಕಾಲೂರಿ, ತಲೆ ತಗ್ಗಿಸಿ, ಎರಡೂ ಕೈ ರಕ್ತದಲ್ಲಿ ಅದ್ದಿಕೊಂಡಿರುತ್ತಾನೆ. ಕೋವಿ ಯಾವುದೋ ಮರಕ್ಕೆ ಒರಗಿರುತ್ತದೆ. ರಕ್ತದ ವಾಸನೆ ಗಾಳಿಯಲ್ಲಿ ಕಣಿವೆಯುದ್ದಕ್ಕೂ ಹರಡುತ್ತದೆ. ಕೋವಿಯ ಸದ್ದು ಕೇಳಿದರೆ ಅಲ್ಲಿ ಮಾಂಸವಿದೆ ಎಂದು ಕೆಲವು ಕರಡಿಗಳು ಕಲಿತುಬಿಟ್ಟಿವೆ ಎಂಬುದು ಅಲ್ಲಿಯ ಬೇಟೆಗಾರರ ಬಹುಕಾಲದ ನಂಬಿಕೆ. ಸೆಪ್ಟೆಂಬರಿನಲ್ಲಿ ಎಲ್ಕ್ ಬೇಟೆ ಶುರುವಾದಾಗ ಗ್ರಿಜ್ಲಿಗಳು ಬೇಟೆಯಿಲ್ಲದ ಯೆಲ್ಲೊಸ್ಟೋನ್ ಉದ್ಯಾನದ ಗಡಿ ದಾಟಿ ಹೊರಗಿನ ಬೇಟೆಯ ಪ್ರದೇಶಗಳತ್ತ ಸರಿಯುವುದನ್ನು ಸಂಶೋಧಕರೂ ಗಮನಿಸಿದ್ದಾರೆ.

ಋತುವೂ ಕೆಟ್ಟದ್ದೇ. ನವೆಂಬರಿನ ಹೊತ್ತಿಗೆ ಗುಹೆ ಸೇರುವ ಕರಡಿ ಐದಾರು ತಿಂಗಳ ಉಪವಾಸಕ್ಕೆ ಕೊಬ್ಬು ಕೂಡಿಡುವ ಕಾಲ ಅದು. ದಿನಕ್ಕೆ 20,000 ಕ್ಯಾಲೊರಿಯವರೆಗೂ ತಿನ್ನುತ್ತದೆ. ಹಿಂದೆ ಯೆಲ್ಲೊಸ್ಟೋನ್ ಕರಡಿಗಳಿಗೆ ವೈಟ್‌ಬಾರ್ಕ್ ಪೈನ್ ಮರದ ಎಣ್ಣೆಬೀಜಗಳು, ಹೊಳೆಗಳಲ್ಲಿ ಮೇಲೇರಿ ಬರುವ ಕಟ್‌ಥ್ರೋಟ್ ಟ್ರೌಟ್ ಮೀನುಗಳು ಹೇರಳವಾಗಿದ್ದವು. ರೋಗ ಮತ್ತು ತೊಗಟೆ ಕೊರೆಯುವ ದುಂಬಿಗಳಿಂದ ಪೈನ್ ಮರಗಳು ಸತ್ತವು. 1994ರಲ್ಲಿ ಯೆಲ್ಲೊಸ್ಟೋನ್ ಸರೋವರದಲ್ಲಿ ಪತ್ತೆಯಾದ ಹೊರಗಿನ ಲೇಕ್ ಟ್ರೌಟ್, ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತ ಬಂತು. ಹೀಗೆ ಎರಡು ಊಟ ಕಡಿಮೆಯಾದ ಪ್ರಾಣಿಗೆ ಬೇಟೆಗಾರ ಬಿಟ್ಟುಹೋದ ಕರುಳಿನ ರಾಶಿ ದೊಡ್ಡ ಆಸರೆ. ಅದಕ್ಕೆ ಮನುಷ್ಯನ ಮೇಲೆ ದ್ವೇಷವೇನಿಲ್ಲ. ತನ್ನ ಊಟದ ಬಳಿ, ತನ್ನ ಮರಿಗಳ ಬಳಿ ಇನ್ನೊಂದು ಪ್ರಾಣಿ ಬಂದಿದೆ, ಅಷ್ಟೆ.

ಎರಡು ಸೆಕೆಂಡುಗಳ ಲೆಕ್ಕ

ಗ್ರಿಜ್ಲಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅಂದರೆ ಒಂದು ಸೆಕೆಂಡಿಗೆ ಹದಿನೈದು ಮೀಟರ್. ಪೊದೆಯ ಆಚೆ ಮೂವತ್ತು ಮೀಟರ್ ದೂರದಲ್ಲಿ ಬೆಚ್ಚಿಬಿದ್ದ ಕರಡಿ ನಿಮ್ಮ ಮೈಮೇಲಿರಲು ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡುಗಳಲ್ಲಿ ನೀವು ಅದನ್ನು ಕಾಣಬೇಕು, ನಂಬಬೇಕು, ಕೈ ಆಡಿಸಬೇಕು. ಬೆನ್ನಚೀಲದ ಜಿಪ್ ಎಳೆದು, ನೀರಿನ ಬಾಟಲಿ ಸರಿಸಿ, ತಳದಲ್ಲಿರುವ ಡಬ್ಬಿ ತೆಗೆಯುವುದಕ್ಕೆ ಅಲ್ಲಿ ಬಿಡುವಿಲ್ಲ. ಹೆಗಲಿನ ರೈಫಲ್ ಇಳಿಸಿ, ಸೇಫ್ಟಿ ಸರಿಸಿ, ದೂರದ ಗುರಿಗೆಂದು ಕೂರಿಸಿದ ದುರ್ಬೀನಿನಲ್ಲಿ ನುಗ್ಗಿ ಬರುವ ಕರಡಿಯನ್ನು ಹುಡುಕಿದರೆ ಅಲ್ಲಿ ಕಾಣುವುದು ಕಂದುಬಣ್ಣದ ಕೂದಲು ಮಾತ್ರ.

‘ನನ್ನ ಹತ್ತಿರ ಕೋವಿಯೇ ಇದೆಯಲ್ಲ, ಇನ್ನೇನು ಬೇಕು’ ಎನ್ನುವ ಬೇಟೆಗಾರರು ಬಹಳ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಕೋವಿ ಅವರ ಕೈಗೆ ಪಳಗಿದ್ದು, ವರ್ಷಗಳ ಅಭ್ಯಾಸ. ಆದರೆ ಅವರು ಅಭ್ಯಾಸ ಮಾಡಿರುವುದು ದೂರದಲ್ಲಿ ನಿಂತು ಮೇಯುವ ಪ್ರಾಣಿಗೆ ಉಸಿರು ಬಿಗಿಹಿಡಿದು ಹೊಡೆಯುವುದನ್ನು. ನೆಲಕ್ಕಂಟಿ, ತಲೆ ತಗ್ಗಿಸಿ, ಏರಿಳಿಯುತ್ತ ನುಗ್ಗಿ ಬರುವ ಕರಡಿಯ ಮಿದುಳಿಗೋ ಬೆನ್ನುಹುರಿಗೋ ಗುಂಡು ತಾಗಬೇಕು. ಎದೆಗೆ ತಾಗಿದರೂ ಸಾಯುವ ಮುಂಚೆ ಅದಕ್ಕೆ ಕೆಲವು ಸೆಕೆಂಡುಗಳ ಜೀವ ಉಳಿದಿರುತ್ತದೆ, ಕೊಲ್ಲಲು ಅಷ್ಟೇ ಸಾಕು.

ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯದ ಟಾಮ್ ಸ್ಮಿತ್ ಮತ್ತು ಕ್ಯಾಲ್ಗರಿಯ ಸ್ಟೀಫನ್ ಹೆರೆರೊ ತಂಡ ಅಲಾಸ್ಕಾದ ದಾಖಲೆಗಳನ್ನು ಜಾಲಾಡಿ ಎರಡು ಅಧ್ಯಯನಗಳನ್ನು ಪ್ರಕಟಿಸಿತು. 2008ರದ್ದು ಖಾರದ ಸ್ಪ್ರೇ ಕುರಿತದ್ದು. 1985ರಿಂದ 2006ರವರೆಗಿನ 83 ಘಟನೆಗಳಲ್ಲಿ, ಗ್ರಿಜ್ಲಿಯೂ ಸೇರಿದ ಕಂದು ಕರಡಿಗಳ ಮೇಲೆ ಸ್ಪ್ರೇ ಶೇ 92ರಷ್ಟು ಸಲ ಕೆಲಸ ಮಾಡಿತ್ತು. ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಹಿಡಿದಿದ್ದವರಲ್ಲಿ ಶೇ 98ರಷ್ಟು ಜನರಿಗೆ ಗಾಯವೇ ಆಗಿರಲಿಲ್ಲ. 2012ರದ್ದು ಕೋವಿ ಕುರಿತದ್ದು. 1883ರಿಂದ 2009ರವರೆಗಿನ 269 ಘಟನೆಗಳಲ್ಲಿ ಪಿಸ್ತೂಲು ಶೇ 84, ಉದ್ದ ಕೋವಿ ಶೇ 76ರಷ್ಟು ಸಲ ಕರಡಿಯನ್ನು ತಡೆದಿತ್ತು. ನನ್ನ ಗಮನ ಹಿಡಿದು ನಿಲ್ಲಿಸಿದ್ದು ಈ ಶೇಕಡಾವಾರುಗಳಲ್ಲ, ಅದೇ ವರದಿಯ ಇನ್ನೊಂದು ಮಾತು. ಕೋವಿ ಜತೆಯಲ್ಲಿದ್ದವರಲ್ಲಿ ಅದನ್ನು ಹಾರಿಸಿದವರಿಗೂ ಹಾರಿಸದವರಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ‘ಸ್ಪ್ರೇ ಗೆದ್ದಿತು’ ಎಂದು ಘೋಷಿಸುವವರಿಗೆ ಬೇಟೆಗಾರರು ಎತ್ತುವ ಆಕ್ಷೇಪ ನ್ಯಾಯವಾದದ್ದು. ಎರಡು ಪಟ್ಟಿಗಳೂ ಒಂದೇ ಬಗೆಯ ಘಟನೆಗಳವಲ್ಲ. ಸ್ಪ್ರೇ ಪಟ್ಟಿಯಲ್ಲಿ ಬರೇ ಕುತೂಹಲದಿಂದ ಹತ್ತಿರ ಬಂದ ಕರಡಿಗಳೂ, ಊಟದ ಆಸೆಗೆ ಬಿಡಾರ ಮೂಸಿದ ಕರಡಿಗಳೂ ಇವೆ. ಕೋವಿಯ ಪಟ್ಟಿಯಲ್ಲಿ ಮೈಮೇಲೆ ಬಿದ್ದ ಕರಡಿಗಳು ಹೆಚ್ಚು. ಕೋವಿಯಿಂದ ಯಾರಿಗೂ ಏನೂ ಆಗದೆ ಮುಗಿದ ಪ್ರಸಂಗಗಳು ದಾಖಲೆಗೇ ಬರದೆ ಹೋಗಿರಬಹುದು. ಆದ್ದರಿಂದ ಈ ಸಂಖ್ಯೆಗಳಿಂದ ಯಾವ ಆಯುಧ ದೊಡ್ಡದೆಂಬ ಪಂದ್ಯದ ತೀರ್ಪು ಹುಡುಕುವುದು ತಪ್ಪು. ಅವು ತಿಳಿಸುವುದು ಇಷ್ಟು: ಕೋವಿ ಜತೆಯಲ್ಲಿದೆ ಎಂಬುದೇ ರಕ್ಷಣೆಯಲ್ಲ, ಮತ್ತು ಸರಿಯಾಗಿ ಬಳಸಿದ ಸ್ಪ್ರೇ ಕರಡಿಯನ್ನು ನಿಲ್ಲಿಸಬಲ್ಲದು.

ಮೆಣಸಿನಕಾಯಿಯ ಕೆಲಸ

ಸ್ಪ್ರೇ ಹುಟ್ಟಿದ್ದು ಮೊಂಟಾನಾದ ಮಿಸೌಲಾ ಪಟ್ಟಣದಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದ ಕರಡಿ ವಿಜ್ಞಾನಿ ಚಾರ್ಲ್ಸ್ ಜಾಂಕೆಲ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾರಿ ಹಂಟ್ 1980ರ ದಶಕದ ಆರಂಭದಲ್ಲಿ ಸೆರೆಯಲ್ಲಿದ್ದ ಕರಡಿಗಳ ಮೇಲೆ ಬಗೆಬಗೆಯ ಪ್ರಯೋಗ ಮಾಡಿದರು. ಕೊಲ್ಲದೆ ಓಡಿಸಬಲ್ಲದ್ದು ಯಾವುದು ಎಂಬ ಹುಡುಕಾಟ ಅದು. ಸದ್ದು, ವಾಸನೆ, ಬೆದರಿಕೆ ಎಲ್ಲವನ್ನೂ ನೋಡಿದ ಮೇಲೆ ನಿಂತದ್ದು ಮೆಣಸಿನ ಖಾರ. ಬಿಲ್ ಪೌಂಡ್ಸ್ ಎಂಬವರು ಜತೆಗೂಡಿ ಅದನ್ನು ಡಬ್ಬಿಗೆ ತುಂಬಿ, ‘ಕೌಂಟರ್ ಅಸಾಲ್ಟ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು.

ಅದರಲ್ಲಿರುವುದು ಕ್ಯಾಪ್ಸೈಸಿನ್, ನಮ್ಮ ಗುಂಟೂರು ಮೆಣಸಿನಕಾಯಿ ಕಣ್ಣಲ್ಲಿ ನೀರು ತರಿಸುವುದೂ ಅದರಿಂದಲೇ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಈ ಅಂಶ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ನೋಂದಾಯಿತವಾದ ಕರಡಿ ಸ್ಪ್ರೇಯಲ್ಲಿ ಖಾರದ ಅಂಶ ಶೇ 1ರಿಂದ 2ರಷ್ಟಿರುತ್ತದೆ. ಡಬ್ಬಿಯಲ್ಲಿ ಕನಿಷ್ಠ 225 ಗ್ರಾಂ ದ್ರವ, ಏಳೂವರೆ ಮೀಟರಿಗೆ ಕಡಿಮೆಯಿಲ್ಲದ ದೂರ, ಆರು ಸೆಕೆಂಡಿನಷ್ಟು ಹೊತ್ತು ಚಿಮ್ಮುವ ಒತ್ತಡ ಇರಲಿ ಎಂಬುದು ಅಲ್ಲಿಯ ಕರಡಿ ತಜ್ಞರ ಸಲಹೆ. ಮನುಷ್ಯರ ಮೇಲೆ ಬಳಸುವ ಸಣ್ಣ ಪೆಪ್ಪರ್ ಸ್ಪ್ರೇ ಇಲ್ಲಿ ಪ್ರಯೋಜನಕ್ಕೆ ಬಾರದು.

ಕೋವಿಗೂ ಸ್ಪ್ರೇಗೂ ಇರುವ ನಿಜವಾದ ಅಂತರ ಗುರಿಯದ್ದು. ಗುಂಡು ಒಂದು ಬಿಂದುವಿಗೆ ತಾಗಬೇಕು. ಸ್ಪ್ರೇ ಎದುರಿಗೆ ಕಿತ್ತಳೆ ಬಣ್ಣದ ಮೋಡವೊಂದನ್ನು ನಿಲ್ಲಿಸುತ್ತದೆ. ಸ್ವಲ್ಪ ಕೆಳಕ್ಕೆ ಹಿಡಿದರೆ ಕರಡಿ ತಾನಾಗಿ ಅದರೊಳಕ್ಕೆ ನುಗ್ಗುತ್ತದೆ. ಕಣ್ಣು ಮುಚ್ಚಿಹೋಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ನಡುಗುವ ಕೈಗೂ ಈ ಕೆಲಸ ಸಾಧ್ಯ. ಸ್ವಲ್ಪ ಹೊತ್ತಿನಲ್ಲಿ ಉರಿ ಇಳಿದು ಕರಡಿ ಮೊದಲಿನಂತಾಗುತ್ತದೆ, ಮನುಷ್ಯನ ಹತ್ತಿರ ಹೋದರೆ ಏನಾಗುತ್ತದೆಂಬ ನೆನಪನ್ನೂ ಹೊತ್ತೊಯ್ಯುತ್ತದೆ.

2024ರ ಮೇ ತಿಂಗಳಲ್ಲಿ ಗ್ರ್ಯಾಂಡ್ ಟೀಟನ್ ಉದ್ಯಾನದ ಸಿಗ್ನಲ್ ಮೌಂಟನ್‌ನಲ್ಲಿ ಮರಿಯಿದ್ದ ತಾಯಿ ಗ್ರಿಜ್ಲಿಯೊಂದು ಒಬ್ಬ ಪ್ರವಾಸಿಯ ಮೇಲೆ ಬಿತ್ತು. ಸ್ಪ್ರೇ ಕೈಯಲ್ಲೇ ಇತ್ತು, ಒತ್ತಲು ಸಮಯ ಸಿಗಲಿಲ್ಲ. ಆತ ಕೈಗಳನ್ನು ಕತ್ತಿನ ಹಿಂದೆ ಹೆಣೆದು ಬೋರಲು ಮಲಗಿದ. ಕಚ್ಚುತ್ತ ಕಚ್ಚುತ್ತ ಕರಡಿಯ ಹಲ್ಲು ಡಬ್ಬಿಗೇ ತಾಗಿ ಅದು ಸಿಡಿಯಿತು. ಕರಡಿ ಓಡಿತು, ಮನುಷ್ಯ ಬದುಕಿದ. ಆ ತಾಯಿಯನ್ನು ಕೊಲ್ಲಬೇಡಿ ಎಂದು ಅವನೇ ಕೇಳಿಕೊಂಡ. ಮರಿಯನ್ನು ಕಾಪಾಡಲು ಮಾಡಿದ ದಾಳಿ ಇದು ಎಂದು ಅಧಿಕಾರಿಗಳೂ ಅದನ್ನು ಅದರ ಪಾಡಿಗೆ ಬಿಟ್ಟರು.

ಸ್ಪ್ರೇಯ ಮಿತಿಗಳನ್ನೂ ಹೇಳಬೇಕು. ಎದುರುಗಾಳಿಯಲ್ಲಿ ಹೊಡೆದರೆ ಒಂದಷ್ಟು ನಿಮ್ಮ ಕಣ್ಣಿಗೇ ಬರುತ್ತದೆ. ಕಡುಚಳಿಯಲ್ಲಿ ಒತ್ತಡ ಇಳಿದು ಹಾರುವ ದೂರ ಕಡಿಮೆಯಾಗುತ್ತದೆ. ರಾತ್ರಿ ಡಬ್ಬಿಯನ್ನು ಮಲಗುವ ಚೀಲದೊಳಗೆ ಬೆಚ್ಚಗೆ ಇಟ್ಟುಕೊಳ್ಳುವವರಿದ್ದಾರೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿಟ್ಟರೆ ಸಿಡಿಯುವ ಭಯ. ಮೂರ್ನಾಲ್ಕು ವರ್ಷಕ್ಕೆ ಅವಧಿ ಮುಗಿಯುತ್ತದೆ. ಸೊಳ್ಳೆ ಔಷಧಿಯಂತೆ ಡೇರೆಗೂ ಬಟ್ಟೆಗೂ ಸಿಂಪಡಿಸಿಕೊಂಡವರಿದ್ದಾರೆ. ಅದು ತೀರ ಅಪಾಯ. ನೆಲದ ಮೇಲೆ ಒಣಗಿದ ಖಾರದ ವಾಸನೆಗೆ ಕರಡಿಗಳು ಓಡಿಹೋಗುವ ಬದಲು ಬಂದು ಹೊರಳಾಡುವುದನ್ನು 1998ರಲ್ಲೇ ಟಾಮ್ ಸ್ಮಿತ್ ವರದಿ ಮಾಡಿದ್ದರು. ಅಮೆರಿಕದಲ್ಲಿ ಕೆಲಸದಲ್ಲಿರುವ ಮಕ್ಕಳನ್ನು ನೋಡಲು ಹೋಗಿ, ಅಲ್ಲಿಂದ ಯೆಲ್ಲೊಸ್ಟೋನ್ ಪ್ರವಾಸ ಮಾಡುವ ನಮ್ಮವರು ಈಗ ಬಹಳ ಜನ. ಅವರಿಗೂ ಒಂದು ಮಾತು: ಈ ಡಬ್ಬಿಯನ್ನು ವಿಮಾನದ ಯಾವ ಸಾಮಾನಿನಲ್ಲೂ ಒಯ್ಯುವಂತಿಲ್ಲ, ಅಲ್ಲಿಯೇ ಕೊಳ್ಳಬೇಕು ಅಥವಾ ಬಾಡಿಗೆಗೆ ಪಡೆಯಬೇಕು.

ಗೆಳೆಯನ ಗುಂಡು

ಆಯುಧದ ಚರ್ಚೆ ಅಂಕಿಸಂಖ್ಯೆಯಲ್ಲಿ ನಡೆಯುವಾಗ ತಣ್ಣಗಿರುತ್ತದೆ. ಮೂರು ಘಟನೆಗಳನ್ನು ನೆನೆಯುತ್ತೇನೆ.

2011ರ ಸೆಪ್ಟೆಂಬರಿನಲ್ಲಿ ಮೊಂಟಾನಾ–ಐಡಾಹೊ ಗಡಿಯ ಬೆಟ್ಟಗಳಲ್ಲಿ ಇಬ್ಬರು ಗೆಳೆಯರು ಕಪ್ಪು ಕರಡಿಯ ಬೇಟೆಗೆ ಹೋಗಿದ್ದರು. ಕಪ್ಪು ಕರಡಿಯೆಂದು ಭಾವಿಸಿ ಹೊಡೆದದ್ದು ಗ್ರಿಜ್ಲಿಗೆ. ಗಾಯಗೊಂಡ ಕರಡಿ ದಟ್ಟ ಪೊದೆ ಹೊಕ್ಕಿತು. ಸ್ವಲ್ಪ ಹೊತ್ತು ಕಾದು, ಜಾಡು ಹಿಡಿದು ಒಳಗೆ ಹೋದರು. ಗಾಯವಾದ ಹಂದಿಯ ಹಿಂದೆ ಪೊದೆಗೆ ನುಗ್ಗಬಾರದೆಂದು ಹಳಬರು ಎಚ್ಚರಿಸುತ್ತಿದ್ದುದು ನಮ್ಮ ಮಲೆನಾಡಿನಲ್ಲೂ ಕೇಳಿದ ಮಾತೇ. ಕರಡಿ ಒಬ್ಬನ ಮೇಲೆ ಬಿತ್ತು. ಇನ್ನೊಬ್ಬನು ಗೆಳೆಯನನ್ನು ಉಳಿಸಲು ಗುಂಡು ಹಾರಿಸಿದ, ಮತ್ತೆ ಮತ್ತೆ ಹಾರಿಸಿದ. ಕರಡಿ ಸತ್ತಿತು. ಗೆಳೆಯನೂ ಸತ್ತ. ಶವಪರೀಕ್ಷೆಯಲ್ಲಿ ತಿಳಿದದ್ದು, ಅವನ ಜೀವ ತೆಗೆದದ್ದು ಕರಡಿಯಲ್ಲ, ಅವನನ್ನು ಬದುಕಿಸಲೆಂದು ಹಾರಿಸಿದ ಗುಂಡು. ಆ ಬದುಕುಳಿದವನ ಉಳಿದ ದಿನಗಳನ್ನು ಊಹಿಸುವುದೂ ಕಷ್ಟ. ಮನುಷ್ಯ ಮತ್ತು ಪ್ರಾಣಿ ಒಂದೇ ಗಂಟಾಗಿ ಹೊರಳಾಡುವಾಗ ಇಬ್ಬರ ಮೇಲೂ ಹೆದರದೆ ಬಳಸಬಹುದಾದದ್ದು ಖಾರದ ಸ್ಪ್ರೇ ಮಾತ್ರ. ಇಬ್ಬರಿಗೂ ಕಣ್ಣುರಿಯುತ್ತದೆ, ಯಾರೂ ಸಾಯುವುದಿಲ್ಲ.

2018ರ ಸೆಪ್ಟೆಂಬರಿನಲ್ಲಿ ವಯೋಮಿಂಗಿನ ಟೀಟನ್ ಕಾಡಿನಲ್ಲಿ ಬೇಟೆಯ ಮಾರ್ಗದರ್ಶಿಯೊಬ್ಬರು ತಮ್ಮ ಗಿರಾಕಿಯ ಜತೆ ಹಿಂದಿನ ದಿನ ಹೊಡೆದಿದ್ದ ಎಲ್ಕ್ ಅನ್ನು ತುಂಡು ಮಾಡುತ್ತಿದ್ದರು. ಪಿಸ್ತೂಲು ಚೀಲಗಳ ಜತೆ ಸ್ವಲ್ಪ ದೂರದಲ್ಲಿತ್ತು. ಕರಡಿ ಬಂದಾಗ ಗಿರಾಕಿ ಓಡಿಹೋಗಿ ಅದನ್ನು ಕೈಗೆತ್ತಿಕೊಂಡರೂ ಹಾರಿಸಲು ಆಗಲಿಲ್ಲ. ಮಾರ್ಗದರ್ಶಿಯತ್ತ ಎಸೆದರೆ ಅವರಿಗೂ ತಲುಪಲಿಲ್ಲ. ಕಾಡನ್ನು ಬಲ್ಲ ಮನುಷ್ಯ ಹೀಗೆ ತೀರಿಕೊಂಡರು. ಆ ಮೇಲೆ ಅಧಿಕಾರಿಗಳು ತಾಯಿ ಕರಡಿಯನ್ನೂ ಬೆಳೆದ ಮರಿಯನ್ನೂ ಕೊಂದರು.

ಮೂರನೆಯದು ಬೇಟೆಯದಲ್ಲ, ಆದರೂ ಇಲ್ಲಿ ಸಲ್ಲುತ್ತದೆ. ಉತ್ತರ ಧ್ರುವದ ಹತ್ತಿರ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಊರಿನಾಚೆ ಹೋಗುವವರು ಹಿಮಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಜತೆಗಿಟ್ಟುಕೊಳ್ಳಬೇಕೆಂಬುದು ಕಾನೂನು. ಕೋವಿಯೂ ಇರಲಿ ಎಂಬುದು ಆಡಳಿತದ ಸಲಹೆ. 2011ರ ಆಗಸ್ಟಿನಲ್ಲಿ ಬ್ರಿಟನ್ನಿನ ವಿದ್ಯಾರ್ಥಿಗಳ ಶಿಬಿರಕ್ಕೆ ಹಿಮಕರಡಿ ನುಗ್ಗಿತು. ಕೋವಿ ಇತ್ತು. ಆದರೆ ಮೊದಲ ಪ್ರಯತ್ನಗಳಲ್ಲಿ ಅದು ಸಿಡಿಯಲೇ ಇಲ್ಲ. ಶಿಬಿರದ ಸುತ್ತ ಎಳೆದಿದ್ದ ಎಚ್ಚರಿಕೆಯ ತಂತಿಯೂ ಕೆಲಸ ಮಾಡಲಿಲ್ಲ. ಹದಿನೇಳರ ಹುಡುಗನೊಬ್ಬ ಸತ್ತ, ನಾಲ್ವರಿಗೆ ತೀವ್ರ ಗಾಯಗಳಾದವು. ಕೊನೆಗೆ ಕರಡಿ ಸತ್ತದ್ದು ಅದೇ ಕೋವಿಯಿಂದ, ಆದರೆ ತಡವಾಗಿ.

ಮೂರೂ ಕಡೆ ರಕ್ಷಣೆಯ ಸಾಧನ ಇತ್ತು. ಹಾಗಾಗಿ ‘ಒಯ್ಯಬೇಕೆ, ಬೇಡವೇ’ ಎಂಬಲ್ಲಿಗೇ ಪ್ರಶ್ನೆಯನ್ನು ನಿಲ್ಲಿಸಬಾರದು. ಎಲ್ಲಿ ಒಯ್ಯುತ್ತೀರಿ, ಅದನ್ನು ತೆಗೆಯುವ ಅಭ್ಯಾಸ ಕೈಗಿದೆಯೇ ಎಂಬುದೇ ಮುಖ್ಯ. ಮೊಂಟಾನಾದಲ್ಲಿ ಚಕ್ರಗಳ ಮೇಲೆ ರಭಸವಾಗಿ ನುಗ್ಗಿ ಬರುವ ಕರಡಿಯ ಗೊಂಬೆ ಕಟ್ಟಿ, ಖಾರವಿಲ್ಲದ ಅಭ್ಯಾಸದ ಡಬ್ಬಿಗಳನ್ನು ಕೊಟ್ಟು ತರಬೇತಿ ನಡೆಸುತ್ತಾರೆ. ಎಲ್ಕ್ ಕೊಯ್ಯಲು ಕುಳಿತಾಗಲೂ ಡಬ್ಬಿ ಸೊಂಟದ ಪಟ್ಟಿಯಲ್ಲೋ ಎದೆಯ ಪಟ್ಟಿಯಲ್ಲೋ ಇರಬೇಕು. ಚೀಲವನ್ನು ಕಳಚಿಟ್ಟರೂ ಡಬ್ಬಿ ಮೈಮೇಲೇ ಉಳಿಯಬೇಕು.

ಅದಕ್ಕೂ ಮುಂಚಿನ ರಕ್ಷಣೆ ನಡವಳಿಕೆಯದು. ಒಬ್ಬಂಟಿಯಾಗಿ ಹೋಗದಿರುವುದು. ಒಬ್ಬ ಕೊಯ್ಯುವಾಗ ಇನ್ನೊಬ್ಬ ಕಾವಲು ನಿಲ್ಲುವುದು. ಸಂಜೆಯ ಕೊನೇ ಬೆಳಕಿನಲ್ಲಿ ಗುಂಡು ಹಾರಿಸದಿರುವುದು, ಏಕೆಂದರೆ ಕತ್ತಲಾಗಿ ಮಾಂಸವನ್ನು ಕಾಡಲ್ಲೇ ಬಿಟ್ಟುಬಂದರೆ ಬೆಳಗ್ಗೆ ಅಲ್ಲಿ ಯಾರು ಕಾಯುತ್ತಿರುತ್ತಾರೋ ಹೇಳಲಾಗದು. ಬಿಡಲೇಬೇಕಾದರೆ ಮಾಂಸವನ್ನು ಕರುಳಿನ ರಾಶಿಯಿಂದ ತೊಂಬತ್ತು ಮೀಟರಾದರೂ ಆಚೆ ಒಯ್ದು, ನೆಲದಿಂದ ಹತ್ತಡಿ ಮೇಲೆ, ಮರದ ಕಾಂಡದಿಂದ ನಾಲ್ಕಡಿ ದೂರಕ್ಕೆ ತೂಗುಹಾಕುವುದು. ಮರುದಿನ ಹಿಂತಿರುಗುವಾಗ ಗಟ್ಟಿಯಾಗಿ ಮಾತಾಡುತ್ತ, ದೂರದಿಂದಲೇ ದುರ್ಬೀನು ಹಿಡಿದು ನೋಡುತ್ತ ಬರುವುದು. ಮಾಂಸದ ಮೇಲೆ ಕರಡಿ ಕುಳಿತಿದ್ದರೆ ಅದು ಕರಡಿಯದ್ದು, ಅಷ್ಟೆ. ವಾರಗಟ್ಟಲೆ ಅಲೆದು ಹೊಡೆದ ಬೇಟೆಯನ್ನು ಬಿಟ್ಟು ಬರುವುದು ಸುಲಭದ ಮಾತಲ್ಲ. ಆದರೂ ಬಿಟ್ಟು ಬರುವವನನ್ನೇ ನಾನು ಒಳ್ಳೆಯ ಬೇಟೆಗಾರನೆನ್ನುತ್ತೇನೆ.

ಕರಡಿಯ ಪಾಲು

ಲೂಯಿಸ್ ನಡೆದ ಕಾಲದಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ ಸುಮಾರು 50,000 ಗ್ರಿಜ್ಲಿಗಳಿದ್ದವೆಂದು ಅಂದಾಜು. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಇಂದಿಗೂ ಗ್ರಿಜ್ಲಿಯಿದೆ, ಆ ರಾಜ್ಯದ ಕಾಡಿನಲ್ಲಿ 1920ರ ದಶಕದಿಂದ ಒಂದೂ ಇಲ್ಲ. 1975ರಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆಯ ರಕ್ಷಣೆ ಸಿಗುವ ಹೊತ್ತಿಗೆ ಒಟ್ಟು ಏಳೆಂಟು ನೂರು ಉಳಿದಿದ್ದವು. ಯೆಲ್ಲೊಸ್ಟೋನ್ ಸುತ್ತಮುತ್ತ ಆಗ 136ರಷ್ಟಿದ್ದದ್ದು ಈಗ ಸಾವಿರದ ಆಸುಪಾಸಿಗೆ ಬಂದಿದೆ. 2007ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಸರ್ಕಾರ ಅಲ್ಲಿಯ ಕರಡಿಗಳ ರಕ್ಷಣೆ ತೆಗೆಯಿತು, ಎರಡು ಸಲವೂ ನ್ಯಾಯಾಲಯ ಅದನ್ನು ಮರಳಿ ಕೊಟ್ಟಿತು.

ಈ ಏರಿಕೆ ಬಹಳ ನಾಜೂಕಿನದು. ಹೆಣ್ಣು ಗ್ರಿಜ್ಲಿ ಮೊದಲ ಸಲ ಮರಿ ಹಾಕಲು ಐದಾರು ವರ್ಷ ಬೇಕು, ಒಂದು ಸೂಲಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಮೂರು ವರ್ಷ. ಮರಿಯಿರುವ ತಾಯಿಯೇ ಬೇಟೆಗಾರನಿಗೆ ಎದುರಾಗಿ ನುಗ್ಗುವುದು ಹೆಚ್ಚು, ಹಾಗಾಗಿ ಆತ್ಮರಕ್ಷಣೆಯ ಗುಂಡಿಗೆ ಸಾಯುವುದೂ ಹೆಚ್ಚಾಗಿ ಅವಳೇ. ಅವಳ ಜತೆ ಮರಿಗಳೂ ಹೋಗುತ್ತವೆ. ಜೀವ ಉಳಿಸಿಕೊಳ್ಳಲು ಕರಡಿಯನ್ನು ಕೊಲ್ಲುವುದನ್ನು ಅಲ್ಲಿಯ ಕಾನೂನು ಒಪ್ಪುತ್ತದೆ, ನನ್ನ ಮನಸ್ಸೂ ಒಪ್ಪುತ್ತದೆ. ಅಲಾಸ್ಕಾದಲ್ಲಿ ಹಾಗೆ ಕೊಂದವನು ಅದರ ಚರ್ಮ ಮತ್ತು ತಲೆಬುರುಡೆಯನ್ನು ತಾನೇ ಬಿಡಿಸಿ ಸರ್ಕಾರಕ್ಕೆ ಒಪ್ಪಿಸಬೇಕು; ಇಟ್ಟುಕೊಳ್ಳುವಂತಿಲ್ಲ. ಆತ್ಮರಕ್ಷಣೆಯ ನೆಪ ಮಾಡಿಕೊಂಡು ಚರ್ಮದ ಆಸೆಗೆ ಹೊಡೆಯದಿರಲಿ ಎಂಬ ಎಚ್ಚರ ಅದರಲ್ಲಿದೆ.

ಬೇಟೆಗಾರನಿಗೂ ಚಾರಣಿಗನಿಗೂ ಒಂದೇ ನಿಯಮ ಸಾಲದು ಎಂಬುದು ನನ್ನ ನಿಲುವು. ಚಾರಣಿಗ ಕರಡಿಯ ದಾರಿಯಲ್ಲಿ ಹಾದುಹೋಗುವವನು. ಬೇಟೆಗಾರ ಆ ದಾರಿಯಲ್ಲಿ ರಕ್ತ ಚೆಲ್ಲಿ ಕರಡಿಯನ್ನು ತನ್ನೆಡೆಗೆ ಕರೆಯುವವನು. ಅಪಾಯವನ್ನು ಕಾಡಿಗೆ ತಂದವನು ಅದಕ್ಕೆ ತಕ್ಕ ಸಿದ್ಧತೆಯನ್ನೂ ತರಬೇಕು, ಮತ್ತು ಆ ಸಿದ್ಧತೆಯ ಮೊದಲ ಸಾಧನ ಕೊಲ್ಲದೆ ತಡೆಯುವಂಥದ್ದಾಗಿರಬೇಕು. ಪಿಸ್ತೂಲು ಬೇಕೆನ್ನುವವನು ಇಟ್ಟುಕೊಳ್ಳಲಿ. ಕುಶಲನ ಕೈಯಲ್ಲಿ ಅದೂ ಜೀವ ಉಳಿಸಿದೆ. ಆದರೆ ಸ್ಪ್ರೇ ಅವನ ಇಷ್ಟಕ್ಕೆ ಬಿಟ್ಟದ್ದಾಗಬಾರದು.

ಕಡ್ಡಾಯ ಎಂದೊಡನೆ ಆ ಸೀಮೆಯಲ್ಲಿ ಹುಬ್ಬು ಗಂಟಿಕ್ಕುತ್ತದೆ. ಸರ್ಕಾರ ನನ್ನ ಸೊಂಟದ ಪಟ್ಟಿಯಲ್ಲಿ ಏನಿರಬೇಕೆಂದು ಹೇಳುವುದೇ ಎಂಬ ಸಿಟ್ಟು. ಆದರೆ ಸರ್ಕಾರ ಹಾಗೆ ಹೇಳುವುದು ಹೊಸದೇನಲ್ಲ. ಮೊಂಟಾನಾದಲ್ಲಿ ಕೋವಿ ಬೇಟೆಯ ಋತುವಿನಲ್ಲಿ ಪ್ರತಿಯೊಬ್ಬನೂ ಸೊಂಟದ ಮೇಲೆ 400 ಚದರ ಇಂಚಿನಷ್ಟು ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಬಟ್ಟೆ ತೊಡಲೇಬೇಕು, ಬೇಟೆಗಾರರು ಒಬ್ಬರನ್ನೊಬ್ಬರು ಪ್ರಾಣಿಯೆಂದು ತಪ್ಪಾಗಿ ತಿಳಿದು ಹೊಡೆಯದಿರಲೆಂದು. ಅದನ್ನು ತೊಟ್ಟವರ ಸ್ವಾತಂತ್ರ್ಯಕ್ಕೆ ಕುಂದು ಬಂದದ್ದು ನನಗಂತೂ ಕಾಣುವುದಿಲ್ಲ. ಗ್ರ್ಯಾಂಡ್ ಟೀಟನ್ ಉದ್ಯಾನದೊಳಗೆ 1950ರ ಕಾಯ್ದೆಯಡಿ ಎಲ್ಕ್ ಸಂಖ್ಯೆ ಹತೋಟಿಗೆ ನಡೆಯುವ ಬೇಟೆಯಲ್ಲಿ ಕರಡಿ ಸ್ಪ್ರೇ ಈಗಾಗಲೇ ಕಡ್ಡಾಯ, ಅದೂ ತಕ್ಷಣ ಕೈಗೆ ಸಿಗುವಂತಿರಬೇಕು. ಅದೇ ನಿಯಮವನ್ನು ಉದ್ಯಾನದ ಗಡಿಯಾಚೆಗಿನ ರಾಷ್ಟ್ರೀಯ ಅರಣ್ಯಗಳಿಗೂ, ಗ್ರಿಜ್ಲಿ ಓಡಾಡುವ ಎಲ್ಲ ಬೇಟೆಯ ವಲಯಗಳಿಗೂ ವಿಸ್ತರಿಸಬೇಕು. ಒಂದು ಡಬ್ಬಿಗೆ ನಲವತ್ತು ಐವತ್ತು ಡಾಲರ್. ಹೊರರಾಜ್ಯದಿಂದ ಎಲ್ಕ್ ಬೇಟೆಗೆ ಬರುವವರು ಪರವಾನಗಿಯೊಂದಕ್ಕೇ ನೂರಾರು ಡಾಲರ್ ಕಟ್ಟುತ್ತಾರೆ. ಆ ಪರವಾನಗಿಯ ಜತೆಗೇ ಡಬ್ಬಿಯನ್ನೂ ಕೊಟ್ಟು, ಅರ್ಧ ಗಂಟೆ ಆ ಚಕ್ರದ ಕರಡಿಯ ಎದುರು ನಿಲ್ಲಿಸಿ, ಸೊಂಟದಿಂದ ಎರಡು ಸೆಕೆಂಡಿನಲ್ಲಿ ತೆಗೆದು ಒತ್ತುವುದನ್ನು ಮಾಡಿ ತೋರಿಸಿದವರಿಗಷ್ಟೇ ಸಹಿ ಹಾಕಲಿ.